ಕೂಗದೆ ಕಳೆದ ನಾಲ್ಕು ತಿಂಗಳು

ಮಳೆಗಾಲ ಶುರುವಾಗುವಾಗ ಜನ ಛತ್ರಿ ರಿಪೇರಿ ಮಾಡಿಸುತ್ತಾರೆ, ತಾರಸಿಯ ಬಿರುಕಿಗೆ ಸಿಮೆಂಟು ಮೆತ್ತುತ್ತಾರೆ. ನಾನು ಹೋಗಿ ಹೋಗಿ ನನ್ನನ್ನೇ ರಿಪೇರಿ ಮಾಡಿಕೊಳ್ಳಲು ಹೊರಟೆ. ಆಷಾಢದ ಏಕಾದಶಿಯಿಂದ ಕಾರ್ತಿಕದ ದ್ವಾದಶಿಯವರೆಗೆ, ನಾಲ್ಕು ತಿಂಗಳು, ಯಾರ ಮೇಲೂ ದನಿ ಏರಿಸುವುದಿಲ್ಲ ಎಂದು ತುಳಸಿಕಟ್ಟೆಯ ಮುಂದೆ ನಿಂತು ಸಂಕಲ್ಪ ಮಾಡಿದೆ. ಅದರ ಫಲವಾಗಿ ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಬ್ಯಾಗು ಕಟ್ಟಿಕೊಂಡು ನಮ್ಮ ಮನೆ ಬಿಟ್ಟು ಹೊರಟಳು. ಒಳ್ಳೆಯವನಾಗಲು ಹೋಗಿ ಇಷ್ಟು ದೊಡ್ಡ ಎಡವಟ್ಟು ಮಾಡಿಕೊಂಡವನು ಯಲಹಂಕದಲ್ಲಿ ಇನ್ನೊಬ್ಬ ಇರಲಾರ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ, ನನ್ನ ಮೇಲೆಯೇ.

ನನ್ನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಐನೂರು ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುವುದಕ್ಕೆ ನನಗೆ ಮೈಕು ಬೇಕಾಗಿರಲಿಲ್ಲ. 'ಸಾವಧಾನ್' ಎಂದರೆ ಮೈದಾನದ ಆಚೆ ಕಡೆ ಬಸ್ಸಿಗೆ ಕಾಯುತ್ತಿದ್ದವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನಿವೃತ್ತನಾದ ಮೇಲೆ ಮೈದಾನ ಹೋಯಿತು, ಗಂಟಲು ಉಳಿಯಿತು. ಅದನ್ನು ಎಲ್ಲಿ ಬಳಸುವುದು? ಗೇಟಿನ ಮುಂದೆ ಕಾರು ನಿಲ್ಲಿಸಿ ಹೋಗುವವರ ಮೇಲೆ, ಕಸದ ಗಾಡಿ ಬಾರದ ದಿನ ಆಕಾಶದ ಮೇಲೆ, ಟಿ.ವಿ.ಯಲ್ಲಿ ಚರ್ಚೆ ಮಾಡುವವರ ಮೇಲೆ. ಮನೆಯೊಳಗೆ ಹೆಂಡತಿಯ ಮೇಲೆ, ಅಕ್ಕನ ಮೇಲೆ. ದ್ವೇಷದಿಂದಲ್ಲ. ನನ್ನ ಬಾಯಲ್ಲಿ 'ಕಾಫಿ ಆಯ್ತಾ' ಎನ್ನುವುದೂ ಜಗಳದ ಹಾಗೆ ಕೇಳುತ್ತದೆ, ಏನು ಮಾಡಲಿ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಬೇಗ ಹೋದಳು, ಆಮೇಲೆ ನನಗೆ ಊಟ ಹಾಕಿದವಳು, ತಲೆ ಬಾಚಿದವಳು, ಬೆನ್ನಿಗೆ ಎರಡು ಬಿಟ್ಟವಳು ಎಲ್ಲಾ ಅವಳೇ. ನಾನು ಕೆರೆಯ ಕಡೆ ಆಡಲು ಹೋದರೆ, ಬೀದಿಯ ಕೊನೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಒಂದು ಕೂಗು ಹಾಕುತ್ತಿದ್ದಳು. ಕೆರೆಯ ಆ ದಂಡೆಗೆ ಕೇಳಿಸುತ್ತಿತ್ತು. ಈ ಗಂಟಲು ನನಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಭಾವ ತೀರಿಕೊಂಡ ಮೇಲೆ ಅವಳು ಸ್ವಲ್ಪ ದಿನ ಸೋಲದೇವನಹಳ್ಳಿಯ ಮಗಳ ಮನೆಯಲ್ಲಿದ್ದಳು. ನಾಲ್ಕನೇ ಮಹಡಿ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕಾಲೇಜಿಗೆ ಹೋದರೆ ಬರುವುದು ಸಂಜೆ. ಅಷ್ಟು ಹೊತ್ತು ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ. ಒಂದು ದಿನ ನಾನು ನೋಡಲು ಹೋದವನು ಮುಕ್ಕಾಲು ಗಂಟೆ ಬೆಲ್ಲು ಒತ್ತಿದೆ, ಬಾಗಿಲು ಬಡಿದೆ. ಅವಳು ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು, ಏನೂ ಕೇಳಿಸಿರಲಿಲ್ಲ. ಕೊನೆಗೆ ಹೆಸರು ಹಿಡಿದು ಕೂಗಿದ ಮೇಲೆ ಎದ್ದು ಬಂದು ಬಾಗಿಲು ತೆಗೆದಳು. ಅವತ್ತೇ ಅವಳ ಬಟ್ಟೆ ಗಂಟು ಕಟ್ಟಿಸಿ ಯಲಹಂಕಕ್ಕೆ ಕರೆದುಕೊಂಡು ಬಂದೆ. ಅದಾಗಿ ಒಂಬತ್ತು ವರ್ಷ.

ಅವಳ ಕಿವಿ ವರ್ಷ ವರ್ಷ ಇಳಿಯುತ್ತಾ ಹೋಯಿತು. ಕಿವಿಗೆ ಹಾಕುವ ಮಿಷನ್ನು ತಂದುಕೊಟ್ಟೆ. ಅದು ಕುಂಯ್ ಎನ್ನುತ್ತದೆ, ತಲೆಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ ಎಂದು ತೆಗೆದು ಅರಿಶಿನದ ಡಬ್ಬಿಯ ಪಕ್ಕ ಇಟ್ಟಳು. ಹೆಂಡತಿಯದು ಸಣ್ಣ ದನಿ, ಕಿರುಚಿದರೂ ಅಕ್ಕನಿಗೆ ತಲುಪುವುದಿಲ್ಲ. ಅವರಿಬ್ಬರದು ಕೈಸನ್ನೆ. ಉಪ್ಪು, ಸಾಕು, ಇನ್ನೂ ಸ್ವಲ್ಪ, ಬಿಸಿ ಇದೆ, ಇಷ್ಟಕ್ಕೆ ಸನ್ನೆ ಸಾಕಾಗುತ್ತಿತ್ತು. ಮಿಕ್ಕ ಪ್ರಪಂಚವೆಲ್ಲ ಅಕ್ಕನಿಗೆ ನನ್ನ ಗಂಟಲಿನ ಮೂಲಕ ಹೋಗಬೇಕು. ಯಾರ ಮನೆಯಲ್ಲಿ ಮದುವೆ, ಯಾರು ಹೋಗಿಬಿಟ್ಟರು, ಮೆಟ್ರೊ ಎಲ್ಲಿಯವರೆಗೆ ಬಂತು, ಎಲ್ಲಾ ನಾನೇ ಕೂಗಿ ಹೇಳಬೇಕು. ನನಗೆ ಅದು ಆಗ ಹೊಳೆದಿರಲೇ ಇಲ್ಲ. ನಾನು ಮಾತಾಡುತ್ತಿದ್ದೇನೆ, ಅವಳಿಗೆ ಕೇಳಿಸುತ್ತಿದೆ, ಅಷ್ಟೇ ಎಂದುಕೊಂಡಿದ್ದೆ.

ಇನ್ನು ವ್ರತದ ಮಾತು. ನಮ್ಮ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ಸೊಪ್ಪು ಬಿಡಬೇಕು, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ಬೇಳೆಕಾಳು. ಅಕ್ಕ ಒಂದು ವರ್ಷವೂ ತಪ್ಪಿಸಿದವಳಲ್ಲ. ಕೊನೆಯ ದಿನ, ಕಾರ್ತಿಕದ ದ್ವಾದಶಿಯ ಸಂಜೆ, ನೆಲ್ಲಿಕೊಂಬೆ ನೆಟ್ಟು ತುಳಸಿಪೂಜೆ ಮಾಡಿ, ಬಿಟ್ಟದ್ದನ್ನೆಲ್ಲ ಒಂದೊಂದು ಪಾತ್ರೆಯಲ್ಲಿಟ್ಟು ದೇವಸ್ಥಾನದ ಭಟ್ಟರಿಗೆ ದಾನ ಕೊಡುವಳು. ಮೊಸರು ಬಿಟ್ಟವರು ಮೊದಲು ಮೊಸರನ್ನು ಇನ್ನೊಬ್ಬರಿಗೆ ಕೊಟ್ಟು ಆಮೇಲೆ ತಾವು ತಿನ್ನಬೇಕು. ಅಲ್ಲಿಯವರೆಗೆ ವ್ರತ ಮುಗಿದ ಹಾಗಲ್ಲ. ಮಧ್ಯದಲ್ಲಿ ಅರ್ಧ ದಿನ ತಪ್ಪಿದರೂ ನಾಲ್ಕು ತಿಂಗಳದ್ದೂ ನೀರುಪಾಲು ಎಂದು ಹೇಳುತ್ತಿದ್ದಳು. ನಾನು ಇದನ್ನೆಲ್ಲ ಕೇಳಿಕೊಂಡು ಹಾಯಾಗಿ ಬದನೆಕಾಯಿ ಪಲ್ಯ ತಿನ್ನುತ್ತಿದ್ದೆ.

ಆ ವರ್ಷ ಏಕಾದಶಿಗೆ ಎರಡು ದಿನ ಮುಂಚೆ ನೀರಿನ ಗಲಾಟೆ ಆಯಿತು. ಬೆಳಿಗ್ಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಲು ಮೋಟಾರು ಹಾಕುವುದು ಅಕ್ಕನ ಕೆಲಸ. ಅವಳೇ ಕೇಳಿ ವಹಿಸಿಕೊಂಡದ್ದು, ಸುಮ್ಮನೆ ಕೂತು ಉಣ್ಣುವುದಿಲ್ಲ ಎಂದು. ಟ್ಯಾಂಕು ತುಂಬಿದರೆ ಅಲಾರಂ ಕೂಗುತ್ತದೆ. ಕೂಗಿತು. ಅವಳು ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದಳು. ನಾನು ಹಾಲು ತರಲು ಹೋದವನು ವಾಪಸು ಬಂದರೆ, ತಾರಸಿಯಿಂದ ನೀರು ಧಾರಾಕಾರ, ಬೀದಿ ತುಂಬ ಹರಿದು ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿಯ ಬಾಗಿಲಿಗೆ ಹೋಗಿತ್ತು. ದಿನ ಬಿಟ್ಟು ದಿನ ಬರುವ ಕಾವೇರಿ ನೀರು. ನನ್ನ ಪಿತ್ತ ನೆತ್ತಿಗೇರಿತು. ಗೇಟಿನಿಂದಲೇ ಶುರು ಮಾಡಿದೆ. "ಕಣ್ಣಾದ್ರೂ ಕಾಣುತ್ತೋ ಇಲ್ವೋ ನಿಂಗೆ? ಒಂದು ಕೆಲಸ, ಒಂದೇ ಒಂದು ಕೆಲಸ ಕೊಟ್ರೆ ಅದನ್ನೂ ಹಾಳು ಮಾಡ್ತೀಯಲ್ಲ" ಎಂದೆ. ಇನ್ನೂ ಏನೇನೋ ಅಂದೆ. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅಕ್ಕನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅವಳು ಬತ್ತಿಯ ತಟ್ಟೆ ಕೆಳಗಿಟ್ಟು, ಎದ್ದು ಹೋಗಿ ಮೋಟಾರು ಆರಿಸಿ, ಒಳಗೆ ಹೋದಳು.

ನಿಜ ಏನೆಂದರೆ ತಪ್ಪು ನನ್ನದು. ಟ್ಯಾಂಕು ತುಂಬಿದ ತಕ್ಷಣ ಮೋಟಾರು ತಾನಾಗಿಯೇ ನಿಲ್ಲುವ ಸಾಮಾನು ಹಾಕಿಕೊಡುತ್ತೇನೆ ಎಂದು ಪಕ್ಕದ ಅಂಗಡಿಯವರು ಎರಡು ವರ್ಷದಿಂದ ಹೇಳುತ್ತಿದ್ದರು. ನಾಳೆ ನೋಡೋಣ, ನಾಳೆ ನೋಡೋಣ ಎಂದು ತಳ್ಳಿಕೊಂಡು ಬಂದವನು ನಾನು.

ಆ ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ತಣ್ಣಗೆ ಹೇಳಿದಳು. "ರೀ, ಅಕ್ಕ ವರ್ಷಾ ವರ್ಷಾ ತರಕಾರಿ ಬಿಡ್ತಾರೆ, ಮೊಸರು ಬಿಡ್ತಾರೆ. ಅದ್ರಿಂದ ಯಾರಿಗೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ನಿಮ್ ಬಾಯಿಂದ. ಈ ಸಲ ನೀವೂ ಒಂದು ಬಿಡಿ. ಕೂಗಾಡೋದು ಬಿಡಿ ನಾಲ್ಕು ತಿಂಗಳು. ಆಗುತ್ತಾ ನಿಮ್ ಕೈಲಿ?"

ಆಗುತ್ತಾ ಎಂದು ಕೇಳಿದ್ದೇ ತಪ್ಪಾಯಿತು. ಪಿ.ಟಿ. ಮೇಷ್ಟ್ರಿಗೆ ಆ ಪ್ರಶ್ನೆ ಕೇಳಬಾರದು. ಏಕಾದಶಿಯ ಬೆಳಿಗ್ಗೆ ಸ್ನಾನ ಮಾಡಿ, ಅಕ್ಕ ತನ್ನ ವ್ರತ ಹಿಡಿದು ಒಳಗೆ ಹೋದ ಮೇಲೆ, ನಾನು ತುಳಸಿಯ ಮುಂದೆ ಕೈಮುಗಿದು ಮೆಲ್ಲಗೆ ನನ್ನದನ್ನು ಹೇಳಿಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾದರೆ ಕೂಗಬೇಕು, ಕೂಗುವುದಿಲ್ಲ ಎಂದು ಈಗ ತಾನೇ ಹೇಳಿದ್ದೇನೆ. ಹೆಂಡತಿ ಹೇಗೋ ತಿಳಿಸುತ್ತಾಳೆ ಎಂದುಕೊಂಡೆ.

ಮೊದಲ ವಾರ ನರಕ. ಮಾತು ಗಂಟಲಿನವರೆಗೆ ಬಂದು ಅಲ್ಲೇ ಉಬ್ಬುತ್ತಿತ್ತು. ಗೇಟಿನ ಮುಂದೆ ಯಾವನೋ ದೊಡ್ಡ ಕಾರು ಅಡ್ಡ ನಿಲ್ಲಿಸಿ ಹೋದ, ನಾನು ಒಂದೂವರೆ ಗಂಟೆ ಸ್ಕೂಟರಿನ ಮೇಲೆ ಕೂತು ಅವನು ಬಂದ ಮೇಲೆ "ಸ್ವಲ್ಪ ತೆಗೀತೀರಾ" ಎಂದೆ. ಅವನು ಮುಖವನ್ನೂ ನೋಡದೆ ಹೋದ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸಿನಲ್ಲಿ ನಿಂತು ನಿಂತು ಕಾಲು ಜೋಮು ಹಿಡಿದಾಗಲೂ ಬಾಯಿಗೆ ಬೀಗ. ಪಕ್ಕದವರೆಲ್ಲ ನನ್ನ ಪರವಾಗಿಯೋ ಎನ್ನುವ ಹಾಗೆ ಬೈಯುತ್ತಿದ್ದರು, ನನಗೆ ಹೊಟ್ಟೆಕಿಚ್ಚು. ಈ ಮೃದುವಾದ ಸಂಕಲ್ಪಗಳನ್ನು ಕಂಡುಹಿಡಿದವರು ಯಾರೋ, ಅವರು ಬೆಂಗಳೂರಿನಲ್ಲಿ ಬಸ್ಸು ಹತ್ತಿರಲಾರರು. ಆದರೂ ಬಿಡಲಿಲ್ಲ. ದಿನ ಕಳೆದಂತೆ ಒಳಗೊಳಗೇ ಹೆಮ್ಮೆ ಬೇರೆ. ಬಿ.ಪಿ. ಇಳಿದಿದೆ ಎಂದು ಡಾಕ್ಟರು ಹೇಳಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಮೊದಲ ವಾರದಲ್ಲೇ ಒಂದು ದಿನ ಅಕ್ಕ ಪೇಪರು ಓದುತ್ತಿದ್ದ ನನ್ನ ಹತ್ತಿರ ಬಂದು "ಇವತ್ತು ನೀರು ಬರೋ ದಿನಾನೇನೋ?" ಎಂದು ಕೇಳಿದಳು. "ಹೌದು" ಎಂದೆ, ಸಾಧಾರಣ ದನಿಯಲ್ಲಿ. ಅವಳು ಮತ್ತೆ ಕೇಳಿದಳು. ನಾನು ಮತ್ತೆ ಹಾಗೇ ಹೇಳಿ, ತಲೆಯನ್ನೂ ಆಡಿಸಿ, ಪೇಪರಿಗೆ ಮುಖ ಹಾಕಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಕ್ಕನ ಕಡೆ ನೋಡಿ, ತನ್ನ ತುಟಿಯ ಮೇಲೆ ಬೆರಳಿಟ್ಟು, ನನ್ನ ಕಡೆ ತೋರಿಸಿ, ನಾಲ್ಕು ಬೆರಳು ಎತ್ತಿ ಹಿಡಿದಳು. ಅಕ್ಕ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ತಲೆಯಾಡಿಸಿ ಹೊರಟುಹೋದಳು. ಸದ್ಯ, ವ್ರತದ ವಿಷಯ ತಿಳಿಸಿಯಾಯಿತು ಎಂದು ನನಗೆ ನಿರಾಳವಾಯಿತು.

ಶ್ರಾವಣ ಬಂತು. ಸಣ್ಣ ಮಳೆ, ಬಟ್ಟೆ ಒಣಗುವುದಿಲ್ಲ, ಗೋಡೆಯೆಲ್ಲ ತಣ್ಣಗೆ. ಒಂದು ಬೆಳಿಗ್ಗೆ ಮೋಟಾರಿನ ಸದ್ದು ಕೇಳುತ್ತಿತ್ತು, ಅಕ್ಕ ಎಲ್ಲೂ ಕಾಣಲಿಲ್ಲ. ಹುಡುಕುತ್ತಾ ತಾರಸಿಗೆ ಹತ್ತಿದೆ. ಟ್ಯಾಂಕಿನ ಪಕ್ಕದ ಮೆಟ್ಟಿಲ ಮೇಲೆ, ಸೋನೆಮಳೆಯಲ್ಲಿ, ಕಪ್ಪು ಛತ್ರಿ ಹಿಡಿದು ಕುಳಿತಿದ್ದಳು. ಟ್ಯಾಂಕಿನ ಮುಚ್ಚಳ ಸರಿಸಿ ನೀರು ಏರುವುದನ್ನೇ ನೋಡುತ್ತಿದ್ದಳು. ಎಂಬತ್ತಕ್ಕೆ ಎರಡು ಕಡಿಮೆ ವಯಸ್ಸು, ಮೊಣಕಾಲು ನೋವು, ಇಪ್ಪತ್ತೆರಡು ಮೆಟ್ಟಿಲು. "ಕೆಳಗೆ ಬಾ ಅಕ್ಕ" ಎಂದೆ. ಬೆನ್ನು ನನ್ನ ಕಡೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ, ಬೆಚ್ಚಿಬಿದ್ದಳು. ಕೆಳಗೆ ಬಾ ಎಂದು ಕೈಸನ್ನೆ ಮಾಡಿದೆ. ನನ್ನ ಮುಖದ ಮೇಲೆ ಸಿಟ್ಟಿತ್ತು, ಅದು ನಿಜ, ಆದರೆ ಅದು ಕಾಳಜಿಯ ಸಿಟ್ಟು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಕಾಳಜಿ ಎಂದು ಗೊತ್ತಾಗುತ್ತಿತ್ತೇನೋ. ಬರೀ ಮುಖದಲ್ಲಿ ಸಿಟ್ಟು ಸಿಟ್ಟಾಗಿಯೇ ಕಾಣುತ್ತದೆ. ಅವಳು ಟ್ಯಾಂಕಿನ ಒಳಗೆ ಬೆರಳು ತೋರಿಸಿ, ಇನ್ನೂ ಒಂದು ಗೇಣು ಇದೆ ಎಂದು ಅಳತೆ ತೋರಿಸಿದಳು. ತುಂಬುವವರೆಗೂ ಏಳಲಿಲ್ಲ.

ಅಂದಿನಿಂದ ನೀರು ಬಂದ ದಿನವೆಲ್ಲ ಅದೇ ಆಟ. ನಾನು ಮೋಟಾರು ಹಾಕಲು ಹೋದರೆ ನನಗಿಂತ ಮುಂಚೆ ಹಾಕಿಬಿಟ್ಟಿರುತ್ತಾಳೆ. ಥೂ, ಎಂಥಾ ಹಟ ಎಂದು ಹಲ್ಲು ಕಚ್ಚಿದೆ. ಪಕ್ಕದ ಅಂಗಡಿಯವರನ್ನು ಕರೆದು ಅಂತೂ ಆ ಸಾಮಾನು ಹಾಕಿಸಿದೆ. ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನೇ ನಿಂತಿತು. ಅಕ್ಕ ಅದನ್ನು ನೋಡಿದಳು. ಮಾರನೆಯ ದಿನದಿಂದ ತಾರಸಿಗೆ ಹೋಗಲಿಲ್ಲ. ಅವಳಿಗಿದ್ದ ಒಂದು ಕೆಲಸವನ್ನೂ ಕಿತ್ತುಕೊಂಡೆ ಎಂದು ನನಗೆ ಆಗ ತಿಳಿಯಲಿಲ್ಲ. ನನ್ನ ಮಟ್ಟಿಗೆ ಸಮಸ್ಯೆ ಮುಗಿದಿತ್ತು.

ಅಂಗಡಿಯವರು ತಂತಿ ಸುತ್ತಿ ಎದ್ದು ಹೋಗುವಾಗ ನಿಂತು ಕೇಳಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಜನ, ನಮ್ಮ ಹತ್ತಿರ ಯಲಹಂಕದ ಕನ್ನಡ. "ಏನ್ ಸಾರ್, ಹುಷಾರಿಲ್ವಾ? ನಿಮ್ ವಾಯ್ಸೇ ಇಲ್ವಲ್ಲ. ಬೆಳಿಗ್ಗೆ ನಿಮ್ ಗಲಾಟೆ ಕೇಳಿ ನಾನು ಶಟರ್ ಎತ್ತೋದು, ಈಗ ಟೈಮೇ ಗೊತ್ತಾಗಲ್ಲ."

"ಬಿಟ್ಟಿದ್ದೀನಿ ಕಣ್ರೀ" ಎಂದೆ ಹೆಮ್ಮೆಯಿಂದ.

"ಸಿಗರೇಟ್ ಬಿಡೋದು ಕೇಳಿದ್ದೆ" ಎಂದು ನಕ್ಕು ಹೋದರು.

ಭಾದ್ರಪದ, ಆಶ್ವಯುಜ. ಮನೆ ಸ್ತಬ್ಧವಾಗುತ್ತಾ ಬಂತು. ಅಕ್ಕ ಮೊದಲು ಜೋರಾಗಿ ಮಾತಾಡುತ್ತಿದ್ದವಳು, ಕಿವಿ ಕೇಳದವರು ಮಾತಾಡುವ ಹಾಗೆ. ಈಗ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಾನು ನಡುಮನೆಗೆ ಬಂದರೆ ತಾನು ಎದ್ದು ಒಳಗೆ ಹೋಗುತ್ತಿದ್ದಳು. ತಟ್ಟೆಯ ಮುಂದೆ ಕುಳಿತರೆ ತಲೆ ಎತ್ತುತ್ತಿರಲಿಲ್ಲ. ವಯಸ್ಸಾಯಿತು, ವ್ರತದ ಊಟ, ಶಕ್ತಿ ಇಲ್ಲ ಎಂದುಕೊಂಡೆ. ಹೆಂಡತಿ ಒಂದೆರಡು ಸಲ "ಅಕ್ಕ ಯಾಕೋ ಮಂಕಾಗಿದಾರೆ, ನೋಡ್ತಿದೀರಾ?" ಎಂದಳು. "ಹಾಲು ಬಿಟ್ಟಿದಾಳಲ್ಲ, ಅದಕ್ಕೆ" ಎಂದೆ. ಎಂಥಾ ದಡ್ಡ ನಾನು. ಒಂದು ಬೆಳಿಗ್ಗೆ ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಕಿಟಕಿ ಗಾಜು ನಡುಗಿಸಿ ಹೋಯಿತು. ಅಂಗಳದಲ್ಲಿದ್ದ ಅಕ್ಕ ಗಕ್ಕನೆ ತಲೆಯೆತ್ತಿದಳು. ಅದು ಮರೆಯಾದ ಎಷ್ಟೋ ಹೊತ್ತಿನವರೆಗೆ ಮೇಲೆಯೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಬೆಳಕು ಕಂಡು ತಿಂಗಳುಗಳೇ ಆಗಿತ್ತು. ಯಾಕೆ ಎಂದು ನಾನು ಯೋಚಿಸಲಿಲ್ಲ.

ದೀಪಾವಳಿ ಮುಗಿದ ಎರಡು ದಿನಕ್ಕೆ ಹೆಂಡತಿ ಅಳುವ ಮುಖ ಮಾಡಿಕೊಂಡು ಬಂದಳು. "ಅಕ್ಕ ನನ್ ಕೈಗೆ ಫೋನ್ ಕೊಟ್ಟು ಮಗಳಿಗೆ ಮಾಡಿಸಿದ್ರು. ತುಳಸಿಪೂಜೆ ದಿನ ಸಂಜೆ ಬಂದು ಕರ್ಕೊಂಡು ಹೋಗು ಅಂದ್ರು. ಇನ್ನು ಅಲ್ಲೇ ಇರ್ತಾರಂತೆ."

ಬ್ಯಾಗು ಆಗಲೇ ಮಂಚದ ಕೆಳಗಿತ್ತು. ನಾನು ಅಕ್ಕನ ಮುಂದೆ ಹೋಗಿ ನಿಂತೆ. "ಯಾಕೆ?" ಎಂದೆ. ಅವಳು ನನ್ನ ತುಟಿ ನೋಡಿದಳು. ಯಾಕೆ ಎನ್ನುವುದು ತುಟಿಯಿಂದಲೇ ತಿಳಿಯುತ್ತದೆ. "ಒಂಬತ್ತು ವರ್ಷ ಆಯ್ತಲ್ಲಪ್ಪಾ, ಸಾಕು. ಒಂದೇ ಕಡೆ ಬೇರು ಬಿಟ್ರೆ ಎಲ್ಲರಿಗೂ ಭಾರ" ಎಂದು ಮೆಲ್ಲಗೆ ಹೇಳಿ ಬತ್ತಿ ಹೊಸೆಯತೊಡಗಿದಳು. ಆ ನಾಲ್ಕನೇ ಮಹಡಿ, ಮುಚ್ಚಿದ ಬಾಗಿಲು, ಮುಕ್ಕಾಲು ಗಂಟೆ ನಾನು ಒತ್ತಿದ ಬೆಲ್ಲು ಎಲ್ಲಾ ಕಣ್ಣಮುಂದೆ ಬಂತು. ಹೋಗಬೇಡ ಎಂದೆ. ಬತ್ತಿಯಿಂದ ಕಣ್ಣೆತ್ತಲಿಲ್ಲ. ಎರಡನೇ ಸಲ ಹೇಳಿದೆ. ಗಂಟಲಿನಲ್ಲಿ ನಾಲ್ಕು ತಿಂಗಳು ಕಟ್ಟಿಹಾಕಿದ್ದ ಕೂಗು ಇತ್ತು, ಬಾಯಿ ತೆರೆದರೆ ಬಂದುಬಿಡುತ್ತಿತ್ತು. ಇನ್ನು ಒಂಬತ್ತು ದಿನ ಉಳಿದಿದೆ, ಇಷ್ಟು ದಿನದ್ದು ನೀರುಪಾಲಾಗುತ್ತದೆ ಎಂದು ನುಂಗಿಕೊಂಡೆ. ಅಕ್ಕನಿಂದಲೇ ಕಲಿತ ನಿಯಮ, ಅಕ್ಕನ ಮುಂದೆಯೇ ಪಾಲಿಸಿದೆ. ನನ್ನ ತಲೆಗೆ ಏನು ಹೇಳಬೇಕೋ ನೀವೇ ಹೇಳಿ.

ದ್ವಾದಶಿಯ ದಿನ ಸಂಜೆಗೆ ಮುಂಚೆ ನೆಲ್ಲಿಕೊಂಬೆ ಹಿಡಿದು ಮಾರ್ಕೆಟ್ಟಿನಿಂದ ವಾಪಸು ಬರುತ್ತಿದ್ದೆ. ಅಂಗಡಿಯವರು ಕರೆದು ಸ್ಟೂಲು ಕೊಟ್ಟರು. "ಸಾರ್, ತಪ್ಪು ತಿಳ್ಕೋಬೇಡಿ. ಅಮ್ಮ ಇವಾಗ ಬಂದು ಹೋಗ್ಬರ್ತೀನಿ ಅಂತ ಹೇಳಿ ಹೋದ್ರು. ಮನ್ಸಿಗೆ ಒಂಥರಾ ಆಯ್ತು. ಒಂದು ಮಾತು ಹೇಳ್ಬೇಕು ನಿಮಗೆ."

"ಹೇಳಿ."

"ಗಣೇಶನ ಹಬ್ಬ ಆದ್ಮೇಲೆ ಒಂದಿನ ಅಮ್ಮ ಇಲ್ಲಿಗೆ ಬಂದಿದ್ರು. ನನ್ ತಮ್ಮ ಮಾತಾಡೋದು ನಿನಗೆ ಕೇಳುತ್ತೇನಪ್ಪಾ ಅಂತ ಕೇಳಿದ್ರು. ನಾನು ಇಲ್ಲ ಅಂತ ತಲೆ ಆಡಿಸ್ದೆ. ನಿಜಾನೇ ತಾನೆ, ಎರಡು ತಿಂಗಳಾಗಿತ್ತು ನಿಮ್ ವಾಯ್ಸ್ ಕೇಳಿ. ಅಮ್ಮ ಏನಂದ್ರು ಗೊತ್ತಾ? ಹಾಗಾದ್ರೆ ನನ್ ಕಿವಿ ಪೂರ್ತಿ ಹೋಗಿಲ್ಲ ಅಂದ್ರು. ಖುಷಿಯಾದ್ರು. ಆಮೇಲೆ ಇದೇ ಸ್ಟೂಲ್ ಮೇಲೆ ಕೂತ್ಕೊಂಡು, ಹಾಗಾದ್ರೆ ಅವನು ನನ್ ಹತ್ರ ಮಾತು ಬಿಟ್ಟಿದಾನೆ, ಆ ನೀರಿನ ದಿನದಿಂದ, ಅಂದ್ರು. ಕಣ್ಣಲ್ಲಿ ನೀರು ಬಂತು ಸಾರ್ ಅವರಿಗೆ. ನಾನು ಅಣ್ಣ ತಂಗಿ, ಅಕ್ಕ ತಮ್ಮ ಅಂದ್ಮೇಲೆ ಮಧ್ಯೆ ಬರಬಾರ್ದು ಅಂತ ಸುಮ್ನಿದ್ದೆ."

ಸ್ಟೂಲಿನಿಂದ ಎದ್ದೆ. ಮನೆಗೆ ಓಡಿದೆ. ಹೆಂಡತಿಯನ್ನು ಹಿಡಿದು ಕೇಳಿದೆ, "ಅವತ್ತು ಅಕ್ಕನಿಗೆ ಏನು ಸನ್ನೆ ಮಾಡಿದೆ ನೀನು?"

"ಯಾವತ್ತು? ಓ, ಅವತ್ತಾ. ನೀವು ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿರ್ತೀರಿ ಅಂತ ಹೇಳ್ದೆ" ಎಂದು ಮತ್ತೆ ಅದೇ ಸನ್ನೆ ಮಾಡಿ ತೋರಿಸಿದಳು. ತುಟಿಯ ಮೇಲೆ ಬೆರಳು, ನನ್ನ ಕಡೆ ಕೈ, ನಾಲ್ಕು ಬೆರಳು. ಮಾಡುತ್ತಾ ಮಾಡುತ್ತಾ ಅವಳ ಕೈ ಅಲ್ಲೇ ನಿಂತಿತು. ಅದನ್ನು ಎದುರಿನಿಂದ ನೋಡಿದವರಿಗೆ, ಅವನ ಹತ್ತಿರ ಮಾತಾಡಬೇಡಿ ಎಂದಲ್ಲದೆ ಬೇರೆ ಏನು ತಿಳಿಯಬೇಕು? "ಅಯ್ಯೋ ದೇವರೇ" ಎಂದು ಕೂತುಬಿಟ್ಟಳು.

ಅಂಗಳದಲ್ಲಿ ಅಕ್ಕ ತುಳಸಿಕಟ್ಟೆಯ ಮುಂದೆ ರಂಗೋಲಿ ಮುಗಿಸಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಬ್ಯಾಗು ಬಾಗಿಲ ಬಳಿ ಇತ್ತು. ನಾನು ಅವಳ ಕೈಯಿಂದ ರಂಗೋಲಿ ಡಬ್ಬಿ ಕಿತ್ತುಕೊಂಡೆ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆದ ಕೈ, ಮೊಳದುದ್ದದ ಅಕ್ಷರ ಬರೆಯುವುದು ನನಗೆ ಕಷ್ಟವಲ್ಲ. ಒದ್ದೆ ಕಲ್ಲಿನ ಮೇಲೆ, ಮೊಣಕಾಲೂರಿ, ಈ ಕಡೆಯಿಂದ ಆ ಕಡೆಗೆ ಬರೆದೆ. "ನಾನು ಬಿಟ್ಟದ್ದು ಕೂಗಾಟ. ನಾಲ್ಕು ತಿಂಗಳ ವ್ರತ. ನಿನ್ನ ಮೇಲೆ ಕೋಪ ಇಲ್ಲ. ನೀರಿನ ದಿನ ತಪ್ಪು ನನ್ನದು."

ಅಕ್ಕ ಕನ್ನಡಕ ಹಾಕಿಕೊಂಡು ಬಂದು, ಒಂದೊಂದೇ ಅಕ್ಷರದ ಮುಂದೆ ನಡೆಯುತ್ತಾ ಓದಿದಳು. ಕೊನೆಗೆ ಹೋಗಿ, ತಿರುಗಿ ಮೊದಲಿನಿಂದ ಓದಿದಳು. ನಾನು ಕೈತುಂಬ ರಂಗೋಲಿ ಹಿಟ್ಟು ಮೆತ್ತಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದೆ.

"ಯಾವ ಪುಸ್ತಕದಲ್ಲಿದೆಯೋ ಈ ವ್ರತ?" ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಮೊದಲಿನಷ್ಟು ಜೋರಾಗಿತ್ತು.

ನಾನು ಹೆಂಡತಿಯ ಕಡೆ ಕೈ ತೋರಿಸಿದೆ.

"ನಾಲ್ಕು ತಿಂಗಳು ನನ್ನನ್ನ ಸುಡುಗಾಡಲ್ಲಿ ಇಟ್ಟ ಹಾಗೆ ಇಟ್ಟೆಯಲ್ಲೋ. ಬೈದಿದ್ರೆ ಬೈಸ್ಕೋತಿದ್ದೆ. ನೀನು ಬೈದ್ರೂ ನಂಗೆ ಅದೊಂದೇ ಕೇಳಿಸ್ತಿದ್ದಿದ್ದು." ಇಷ್ಟು ಹೇಳಿ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ನನಗೆ ಅವಳ ಕಾಲು ಹಿಡಿಯಬೇಕು ಎನಿಸಿತು. ಹಿಡಿಯಲಿಲ್ಲ, ನಾಚಿಕೆಯಾಯಿತು.

ಪೂಜೆ ಆಯಿತು. ನೆಲ್ಲಿಕಾಯಿಯ ದೀಪ ಹಚ್ಚಿದಳು. ತರಕಾರಿ, ಮೊಸರು, ಹಾಲು, ಬೇಳೆ, ನಾಲ್ಕು ಪಾತ್ರೆಗಳನ್ನು ಸಾಲಾಗಿ ಇಟ್ಟಳು. ದೇವಸ್ಥಾನದ ಭಟ್ಟರು ಬಂದು, ಅವಳ ಕೈಯಿಂದ ದಕ್ಷಿಣೆ ತಾಂಬೂಲದ ಜೊತೆ ತೆಗೆದುಕೊಂಡು ಹೋದರು. ಅಕ್ಕನ ಮಗಳು ಹೆಬ್ಬಾಳದ ಹತ್ತಿರ ಸಿಕ್ಕಿಕೊಂಡಿದ್ದೇನೆ, ಇನ್ನರ್ಧ ಗಂಟೆ ಎಂದು ಫೋನು ಮಾಡಿದಳು. ಬ್ಯಾಗು ಇನ್ನೂ ಬಾಗಿಲಲ್ಲೇ ಇತ್ತು. ಅಕ್ಕ ಅದನ್ನು ಒಳಗೆ ಇಡಲೂ ಇಲ್ಲ, ಹೊರಗೆ ತರಲೂ ಇಲ್ಲ. ನಾನು ಅದನ್ನೇ ನೋಡುತ್ತಿದ್ದೆ.

"ನಿಂದೆಲ್ಲಿ?" ಎಂದಳು ಅಕ್ಕ.

ನನಗೆ ಅರ್ಥವಾಗಲಿಲ್ಲ.

"ಬಿಟ್ಟದ್ದನ್ನ ಮೊದಲು ಇನ್ನೊಬ್ಬರಿಗೆ ಕೊಟ್ಟು ಆಮೇಲೆ ತಾನು ತಗೋಬೇಕು. ನಾನು ಎಷ್ಟು ಸಲ ಹೇಳಿಲ್ಲ? ನಾಳೆ ಬೆಳಿಗ್ಗೆ ಎದ್ದು ಆ ಕಾರಿನವನ ಮೇಲೆ ಕೂಗ್ತೀಯ. ಅದಕ್ಕೆ ಮುಂಚೆ ನಂಗೆ ಕೊಡು." ಹಾಗೆ ಹೇಳಿ ತುಳಸಿಕಟ್ಟೆಯ ಪಕ್ಕದ ಮೆಟ್ಟಿಲ ಮೇಲೆ ನೆಟ್ಟಗೆ ಕುಳಿತು, ಎರಡು ಕೈಯಲ್ಲಿ ಸೆರಗು ಒಡ್ಡಿ ಹಿಡಿದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಮೈದಾನದಲ್ಲಿ ಸರಿಯುತ್ತಿದ್ದ ಹಾಗೆ. ಎದೆ ತುಂಬ ಉಸಿರು ತುಂಬಿಕೊಂಡೆ. ನಾಲ್ಕು ತಿಂಗಳು ಬಳಸದ ಗಂಟಲು, ಮೊದಲ ಅಕ್ಷರಕ್ಕೇ ಒಡೆಯಿತು.

"ಹೋಗ್ಬೇಡ ಕಣೇ ಅಕ್ಕಾ. ಎಲ್ಲಿಗೂ ಹೋಗ್ಬೇಡ."

ಪಕ್ಕದ ಅಂಗಡಿಯ ಮಿಷನ್ನು ನಿಂತಿತು. ಎದುರುಮನೆಯ ಬಾಗಿಲು ತೆರೆಯಿತು. ಬೀದಿಯ ನಾಯಿಗಳು ಎದ್ದವು. ಹೆಂಡತಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಅಕ್ಕ ಸೆರಗನ್ನು ನಿಧಾನವಾಗಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ಕಿವಿ ತಿರುಗಿಸಿ, "ಅರ್ಧ ಕೇಳಿಸ್ತು. ಇನ್ನೊಂದ್ಸಲ ಹೇಳು" ಎಂದಳು.

ಪೂರ್ತಿ ಕೇಳಿಸಿತ್ತು ಎಂದು ನನಗೆ ಗೊತ್ತಿತ್ತು. ಇನ್ನೊಂದು ಸಲ ಕೂಗಿದೆ.